ಕರಿ ಟೇಪು

ಟೋಯಿಂಗ್ ಗಾಡಿ ಎಳೆದು ತಂದ ಹಳೆಯ ಎಸ್‌ಯುವಿಯ ಮೀಟರ್ ಬೋರ್ಡನ್ನು ಮೆಕ್ಯಾನಿಕ್ ಬಿಚ್ಚಿದ. ನಡುರಸ್ತೆಯಲ್ಲಿ ಎಂಜಿನ್ ಜಾಮಾಗಿ, ಹಿಂದಿನಿಂದ ಲಾರಿ ಗುದ್ದಿ, ಅವನ ತಂಗಿಯ ಗಂಡ ತೀರಿಕೊಂಡು ತಿಂಗಳಾಗಿತ್ತು.

“ಕೇಳಿದ್ರೆ ಹಳೇ ಗಾಡಿ ಬೇಡ ಅಂತೀಯ ಅಂತ ನಿಂಗೆ ಹೇಳದೇನೇ ತಗೊಂಡ್ವಿ ಅಣ್ಣ,” ಎಂದಳು ಪಕ್ಕದಲ್ಲಿ ನಿಂತಿದ್ದ ತಂಗಿ. “ಆಯಿಲ್ ಲೈಟು ಒಂದಿನಾನೂ ಹತ್ತಲಿಲ್ಲ. ಎಲ್ಲಾ ಸರಿಯಾಗಿದೆ ಅಂದ್ಕೊಂಡ್ವಿ.”

ಎಂಜಿನ್ನಿಗೆ ಆಯಿಲ್ ಏರದಿದ್ದಾಗ ಹತ್ತಬೇಕಾದ ಕೆಂಪು ಬಲ್ಬಿಗೆ ಕರಿ ಟೇಪು ಸುತ್ತಿತ್ತು. ಮುಂದೆ ಬಿಚ್ಚುವವನ ಉಗುರಿಗೆ ಸಿಗಲೆಂದು ಅದರ ತುದಿಯನ್ನು ಮಡಚಲಾಗಿತ್ತು. ಹಾಗೆ ಮಡಚುವವನು ಊರಿಗೆಲ್ಲ ಈ ಮೆಕ್ಯಾನಿಕ್ ಒಬ್ಬನೇ. ಅದನ್ನು ಸುತ್ತಿದಾಗ ಗಾಡಿಯ ಬಣ್ಣ ಬೇರೆ ಇತ್ತು. ಆಯಿಲ್ ಪಂಪ್ ಬದಲಿಸಿದರೆ ಲಾಭವೆಲ್ಲ ಅದಕ್ಕೇ ಹೋಗುತ್ತದೆಂದು ಹಳೇ ಗಾಡಿ ಮಾರುವ ದಲ್ಲಾಳಿ ಗೋಗರೆದಿದ್ದ. ಇವನು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಚಹಾ ಕುಡಿದು, ಮರೆತೂ ಬಿಟ್ಟಿದ್ದ.

ತಂಗಿ ಬಗ್ಗಿ ಬಲ್ಬು ನೋಡಿದಳು. ಯಾರೋ ಬೇಕೆಂದೇ ಲೈಟು ಮುಚ್ಚಿದ್ದಾರೆಂದು ಅವಳಿಗೆ ಅರ್ಥವಾಯಿತು.

“ಇದನ್ನ ಸುತ್ತಿದೋನ ಮನೆ ಹಾಳಾಗ!” ಎಂದು ನೆಟಿಗೆ ಮುರಿದಳು.

ಅಣ್ಣ ತನ್ನ ಮನೆಯತ್ತ ನೋಡಿದ. ಗ್ಯಾರೇಜಿನ ಹಿಂದೆಯೇ ಇದ್ದ ಆ ಮನೆಯಲ್ಲಿ, ಅವಳು ಹುಟ್ಟಿ ಬೆಳೆದ ಮನೆಯಲ್ಲಿ, ಅವಳ ಮಕ್ಕಳಿಬ್ಬರೂ ಅಜ್ಜಿಯ ಪಕ್ಕ ಊಟಕ್ಕೆ ಕೂತಿದ್ದರು.