ಸುಟ್ಟ ಗೌನು

ದರ್ಜಿ ಮದುಮಗಳ ಬಿಳಿ ಗೌನಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಫೋನಿನಲ್ಲಿ ಹರಟುತ್ತ ಮೈಮರೆತ. ಬಟ್ಟೆ ಸುಟ್ಟುಹೋಯಿತು. ಮದುಮಗಳ ತಾಯಿ ಬಂದು ಕೂಗಾಡಿದಾಗ ಅವನು ತನ್ನ ಅತ್ತಿಗೆಯ ಕಡೆ ಬೆರಳು ತೋರಿಸಿಬಿಟ್ಟ. ಅಣ್ಣ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಆಕೆ, ಬೈಗುಳವನ್ನೆಲ್ಲ ಕೇಳಿಸಿಕೊಂಡು ಸುಟ್ಟ ಗೌನನ್ನು ಮಡಿಸಿಟ್ಟಳು.

ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಹೇಳಿಕೊಡುವ ಸರದಿ ಅವನದು. "ನಮ್ಮ ತಪ್ಪುಗಳನ್ನು ಕ್ಷಮಿಸು" ಎನ್ನುವಷ್ಟರಲ್ಲಿ ಪ್ರಾರ್ಥನೆ ನಿಲ್ಲಿಸಿ ತಲೆಯೆತ್ತಿದ. ಎದುರಿಗೇ ಅತ್ತಿಗೆ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಹಿಂದಿನ ಬೆಂಚಿನಲ್ಲಿ ಮದುಮಗಳ ತಾಯಿ.

"ಗೌನು ಸುಟ್ಟೋನು ನಾನು. ಸುಮ್ಸುಮ್ನೆ ಅತ್ತಿಗೆ ಮೇಲೆ ಹಾಕ್ದೆ," ಎಂದ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅತ್ತಿಗೆ ಸರಿದು ಜಾಗ ಮಾಡಿದಳು. "ಬಾ, ಕೂತ್ಕೋ. ನಾಳೆ ಇಬ್ರೂ ಸೇರಿ ಇನ್ನೊಂದು ಹೊಲಿಯೋಣ."

ಅವನು ತಲೆ ತಗ್ಗಿಸಿಯೇ ಹೋಗಿ ಕೂತ. ಉಳಿದ ಪ್ರಾರ್ಥನೆಯನ್ನು ಆಕೆಯೇ ಹೇಳಿ ಮುಗಿಸಿದಳು.