ಬರಿಗಾಲಲ್ಲಿ ಹತ್ತಿದ ಮರಳುಬೆಟ್ಟ

ಸಹೃದಯರೇ, ಸಮುದ್ರವೂ ಮರುಭೂಮಿಯೂ ಮಗ್ಗುಲಲ್ಲಿ ಮಗ್ಗುಲಿಟ್ಟು ಮಲಗಿರುವ ಎಡೆಯನ್ನು ನೀವೆಂದಾದರೂ ಕಂಡಿದ್ದೀರಾ? ಸಿಡ್ನಿಯಿಂದ ಉತ್ತರಕ್ಕೆ ಮೂರು ಗಂಟೆಯ ದಾರಿ ಸವೆಸಿ, ನೀಲಗಿರಿ ಮರಗಳ ಕಂಪನ್ನು ಹಿಂದಿಕ್ಕಿ, ಅನ್ನಾ ಬೇ ಎಂಬ ಪುಟ್ಟ ಊರನ್ನು ದಾಟಿದೊಡನೆ ಎದುರಾಗುತ್ತದೆ ಆ ವಿಸ್ಮಯ... ಕಣ್ಣಳವಿನ ಕೊನೆಯವರೆಗೂ ಹೊಂಬಣ್ಣದ ಮರಳಿನ ಅಲೆಗಳು, ಅವುಗಳ ಅಂಚಿಗೆ ನೀಲಿ ಸೆರಗಿನಂತೆ ಹಾಸಿಬಿದ್ದ ಸಾಗರ! ಮುಂಜಾನೆಯ ಎಳೆಬಿಸಿಲಿನಲ್ಲಿ ಆ ದಿಬ್ಬಗಳು ಆಗತಾನೆ ಸ್ನಾನ ಮುಗಿಸಿದ ಹೆಣ್ಣಿನ ಹೆಗಲುಗಳಂತೆ ನುಣುಪಾಗಿರುತ್ತವೆ. ಗಾಳಿ ಬರೆದ ಗೆರೆಗಳನ್ನು ಗಾಳಿಯೇ ಅಳಿಸಿ ಮತ್ತೆ ಬರೆಯುತ್ತದೆ. ಅಲ್ಲಿ ನಿಂತವರಿಗೆ ತಾವು ಎಷ್ಟು ಚಿಕ್ಕವರೆಂದೂ, ತಮ್ಮೊಳಗಿನ ಗುಟ್ಟು ಎಷ್ಟು ದೊಡ್ಡದೆಂದೂ ಒಮ್ಮೆಗೇ ತಿಳಿದುಬಿಡುತ್ತದೆ!

ಎರಡು ಸಾವಿರದ ಏಳನೆಯ ಇಸವಿಯ ಜನವರಿ. ಲಾಂಗ್ ವೀಕೆಂಡಿನ ಆ ಬೆಳಗು ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಯ ಕನ್ನಡಿಗರ ಬಸ್ಸೊಂದು ಅಲ್ಲಿಗೆ ಬಂದು ನಿಂತಿತು. ಪುಳಿಯೋಗರೆಯ ಡಬ್ಬಿಗಳು, ಕೋಡುಬಳೆಯ ಪೊಟ್ಟಣಗಳು, ಮಡಿಸಿದ ಜಮಖಾನೆಗಳು, ಮೂವತ್ತು ಜನರ ಕಲರವ... ಎಲ್ಲರಿಗಿಂತ ಕೊನೆಗೆ, ಮೆಟ್ಟಿಲಿಗೂ ನೋವಾದೀತೆಂಬಂತೆ ಇಳಿದವಳು ಚಿನ್ಮಯಿ.

ಮೆಲ್ಬರ್ನಿನಲ್ಲಿ ಎಂ.ಎಸ್ಸಿ. ಮುಗಿಸಿದ್ದ ಈ ಹುಡುಗಿ, ದೊಡ್ಡಮ್ಮ ಅನಸೂಯ ಮತ್ತು ದೊಡ್ಡಪ್ಪ ಡಾಕ್ಟರ್ ಶ್ರೀನಾಥ್ ಅವರ ಸಿಡ್ನಿಯ ಮನೆಗೆ ಒಂದು ಹಗಲೆಲ್ಲ ರೈಲಿನಲ್ಲಿ ಕೂತು ಬಂದದ್ದು ರಜೆ ಕಳೆಯಲಿಕ್ಕಲ್ಲ. ಈ ಮರಳುಗಾಡಿನಲ್ಲಿ ಪ್ರವಾಸಿಗರ ದೊಡ್ಡ ಗಾಲಿಯ ಗಾಡಿಯನ್ನು ಓಡಿಸುವ ಒಬ್ಬನಿದ್ದಾನೆಂದು ಗೆಳತಿಯೊಬ್ಬಳು ಹೇಳಿದ್ದಳು. ಅವನ ಹೆಸರು ಜೀವನ್.

ರಾಯಚೂರಿನ ಹುಡುಗ, ಅವಳ ಜೊತೆಯಲ್ಲೇ ಓದಿದವನು. ಎರಡು ವರ್ಷ ಒಂದೇ ಲೈಬ್ರರಿಯ ಕಿಟಕಿಯಲ್ಲಿ ಇಬ್ಬರೂ ಮಳೆ ನೋಡಿದ್ದರು. ಮದುವೆಯಾಗುವೆಯಾ ಎಂದು ಅವನು ಕೇಳಿದ್ದ, ಅವಳ ಮನಸ್ಸು ಹೂಂಗುಟ್ಟಿತ್ತು. ಆದರೆ ಹೋದ ವರ್ಷ ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿದ್ದ ಅವಳ ಬಾಡಿಗೆ ಕೋಣೆಗೆ ದೊಡ್ಡಮ್ಮ ಬಂದಿದ್ದ ದಿನ, ಅವನು ಅಕ್ಕಿಮೂಟೆ ಹೊತ್ತು ಬಾಗಿಲಲ್ಲಿ ನಿಂತಾಗ, "ಯಾರೇ ಅದು?" ಎಂಬ ಪ್ರಶ್ನೆಗೆ ಅವಳ ನಾಲಿಗೆ ತೊದಲಿ, "ಅಂಗಡಿಯವ್ರು ದೊಡ್ಡಮ್ಮ" ಎಂದುಬಿಟ್ಟಿತ್ತು! ಅವನು ಮೂಟೆಯನ್ನು ಮೆಲ್ಲಗೆ ಕೆಳಗಿಳಿಸಿ ಹೊರಟುಹೋಗಿದ್ದ. ಸಂಜೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಚಿನ್ಮಯಿ, ನಾಲ್ಕು ಮಂದಿ ಎದುರಿಗೆ ನನ್ನ ಹೆಸರು ಹೇಳೋ ಧೈರ್ಯ ಬಂದ ದಿನ ಮಾತಾಡೋಣು." ಆಮೇಲೆ ಹನ್ನೊಂದು ತಿಂಗಳ ಮೌನ... ಆ ಒಂದು ಹೆಸರನ್ನು ಅವಳು ಡೈರಿಯಲ್ಲಿ ಎಷ್ಟು ಸಲ ಬರೆದಿದ್ದಳೋ, ತುಟಿಯಿಂದ ಒಂದು ಸಲವೂ ಆಡಿರಲಿಲ್ಲ. ಇಂದು ಆಡದಿದ್ದರೆ ಇನ್ನೆಂದೂ ಆಡಲಾರಳೆಂದು ಅವಳಿಗೆ ಗೊತ್ತಿತ್ತು.

ಅಗಲ ಅಂಚಿನ ಹ್ಯಾಟು, ಕಪ್ಪು ಕನ್ನಡಕ ತೊಟ್ಟು ಗಾಡಿಯ ಪಕ್ಕ ನಿಂತಿದ್ದ ಜೀವನ್ ಅವಳನ್ನು ಕಂಡ. ಅರೆಕ್ಷಣ ಅವನ ಕೈ ಬಾಗಿಲ ಹಿಡಿಯ ಮೇಲೆ ನಿಂತಿತು. ಮರುಕ್ಷಣ ಎಲ್ಲರಿಗೂ ಹೇಳುವ ದನಿಯಲ್ಲೇ, "ಬರ್ರಿ, ಎಲ್ಲಾರೂ ಬರ್ರಿ" ಎಂದ.

"ಅಯ್ಯೋ, ಕನ್ನಡದ ಡ್ರೈವರ್ರು!" ಎಂದು ಬಸ್ಸಿಗೆ ಬಸ್ಸೇ ಹಿಗ್ಗಿತು. ದೊಡ್ಡಮ್ಮ ಅವನನ್ನು ಗುರುತಿಸಲಿಲ್ಲ.

ಎತ್ತರದ ದಿಬ್ಬವೊಂದರ ಬುಡದಲ್ಲಿ ಗಾಡಿ ನಿಲ್ಲಿಸಿ ಜೀವನ್ ಎಚ್ಚರಿಸಿದ: "ಈಗ ಮರಳು ತಂಪದ. ಮಧ್ಯಾಹ್ನ ಹೆಂಚಿನಂಗ ಕಾಯ್ತದ. ಚಪ್ಪಲಿ ಇಲ್ಲಿ ಬಿಡಬ್ಯಾಡ್ರಿ."

ಆದರೆ ಅನಸೂಯ ತಲೆಯೆತ್ತಿ ನೋಡಿದರು. ಆಕಾಶಕ್ಕೆ ಆನಿಸಿದಂತಿದ್ದ ಆ ಶುಭ್ರವಾದ ಎತ್ತರ, ಮೇಲೆ ಸಾಲುಸಾಲಾಗಿ ಏರುತ್ತಿದ್ದ ಜನ... "ಬೆಟ್ಟ ಹತ್ತೋವಾಗ ಯಾರಾದ್ರೂ ಚಪ್ಪಲಿ ಹಾಕ್ಕೋತಾರೇನಪ್ಪಾ?" ಎಂದವರೇ ತಮ್ಮದನ್ನು ಕಳಚಿ ನೀಟಾಗಿ ಜೋಡಿಸಿಟ್ಟರು. ಹಿರಿಯರು ಬಿಟ್ಟ ಮೇಲೆ ಕಿರಿಯರು ಹಾಕಿಕೊಂಡಾರೆಯೇ? ನೋಡನೋಡುತ್ತಿದ್ದಂತೆ ಮೂವತ್ತು ಜೊತೆ ಪಾದರಕ್ಷೆಗಳು ದೇವರಿಲ್ಲದ ಆ ಬೆಟ್ಟದ ಬುಡದಲ್ಲಿ ಸಾಲಾಗಿ ಕೂತವು!

ಶಿಖರದಲ್ಲಿ ಜಮಖಾನೆ ಹಾಸಿದರು. ಪುಳಿಯೋಗರೆ ಮುಗಿಯಿತು, ಅಂತ್ಯಾಕ್ಷರಿ ಮುಗಿಯಲಿಲ್ಲ. ಸೂರ್ಯ ನೆತ್ತಿಗೇರಿದ. ಕಡಲಿನಿಂದ ಎದ್ದ ಗಾಳಿ ಮರಳನ್ನು ಹೊಗೆಯಂತೆ ಹೊತ್ತು ಇಳಿಜಾರಿನಲ್ಲಿ ಸುರಿಯತೊಡಗಿತು. ಯಾರೋ ಕೆಳಗೆ ಬಗ್ಗಿ ನೋಡಿ ಕೂಗಿದರು: "ಚಪ್ಪಲಿಗಳೇ ಇಲ್ಲ!" ಮೂವತ್ತು ಜೊತೆಯನ್ನೂ ಮರಳು ನುಂಗಿ ಮಗುವಿನಂತೆ ಮುಖ ಒರೆಸಿಕೊಂಡು ಕೂತಿತ್ತು. ಒಬ್ಬರು ಜಮಖಾನೆಯಿಂದ ಕಾಲು ಕೆಳಗಿಟ್ಟು "ಅಬ್ಬಾ!" ಎಂದು ಹಿಂದಕ್ಕೆ ಹಾರಿದರು. ಮರಳು ಕಾದ ಬಾಣಲೆಯಾಗಿತ್ತು.

ಜೀವನ್ "ನಾ ಹೇಳಿರಲಿಲ್ಲೇನು" ಎನ್ನಲಿಲ್ಲ. ಪ್ರವಾಸಿಗರು ಮರಳಿನಲ್ಲಿ ಜಾರಿ ಆಡಲೆಂದು ಗಾಡಿಯಲ್ಲಿಟ್ಟಿದ್ದ ಹಲಗೆಗಳನ್ನು ಹೆಗಲಿಗೇರಿಸಿ, ಬೂಟುಗಾಲಿನಲ್ಲಿ ಏದುಸಿರು ಬಿಡುತ್ತ ಮೇಲೆ ಬಂದ. ಜಾರಿದವರು ಗಾಡಿಯ ನೆರಳಿಗೇ ಬಂದು ನಿಲ್ಲುವಂತೆ ಇಳಿಜಾರನ್ನು ಅಳೆದು ನೋಡಿದ. "ಇಳಿಯೋದು ಬ್ಯಾಡ. ಜಾರೋಣು."

ಮೇಲೆ ಹಿರಿಯರನ್ನು ಹಲಗೆಯ ಮೇಲೆ ಕೂರಿಸಲು ಒಬ್ಬರು ಬೇಕಿತ್ತು. ಯಾರೂ ಹೇಳದೆ ಚಿನ್ಮಯಿ ಜಮಖಾನೆಯ ಅಂಚಿಗೆ ಬಂದು ನಿಂತಳು. ಅವಳು ಕೂರಿಸಿ ಬೆನ್ನು ಮೆಲ್ಲಗೆ ತಳ್ಳುವಳು. ಅವನು ಕೆಳಗೆ ಕೈಹಿಡಿದು ನಿಲ್ಲಿಸಿ, ಹಲಗೆ ಹೊತ್ತು ಮತ್ತೆ ಮೇಲೆ ಬರುವನು. ಮಾತಿಲ್ಲ... ಒಂದು ಹಲಗೆ ಅವನ ಕೈಯಿಂದ ಅವಳ ಕೈಗೆ ದಾಟುವಾಗಿನ ಮೌನ ಮಾತ್ರ. ಬೆವರಿನಿಂದ ತೊಯ್ದ ಅಂಗಿ, ಮರಳು ಮೆತ್ತಿದ ರೆಪ್ಪೆ, ಆದರೂ ಪ್ರತಿಯೊಬ್ಬ ವೃದ್ಧೆಗೂ "ಹೆದರಬ್ಯಾಡ್ರಿ ಅಮ್ಮಾರ" ಎನ್ನುವ ಆ ಮೃದುತ್ವ! ಚಿನ್ಮಯಿಯ ಎದೆಯಲ್ಲಿ ಶರದೃತುವಿನ ಹೊಳೆಯಂತೆ ತಿಳಿಯಾದುದೊಂದು ತುಂಬಿಬಂದಿತು. ಅದು ಪ್ರೀತಿಯಷ್ಟೇ ಅಲ್ಲ. ಪ್ರೀತಿಗೆ ಅವಳು ಹಳಬಳು. ಅದು ಹೆಮ್ಮೆ! ಇಂಥವನನ್ನು ತಾನು ಅಂಗಡಿಯವನೆಂದಿದ್ದೆನೇ?

ಕೊನೆಗೆ ಮೇಲುಳಿದವರು ಅನಸೂಯ ಮತ್ತು ಚಿನ್ಮಯಿ.

"ಅರವತ್ತೆರಡು ವರ್ಷಕ್ಕೆ ಸೀರೆ ಉಟ್ಕೊಂಡು ಜಾರುಬಂಡೆ ಆಡ್ಲಾ ನಾನು?"

ಕೆಳಗಿನಿಂದ ಶ್ರೀನಾಥ್ ಕೂಗಿದರು: "ಮೂವತ್ತೆಂಟು ವರ್ಷದಿಂದ ನನ್ನನ್ನ ಕುಣಿಸ್ತಿದೀಯಲ್ಲ ಅನು, ಒಂದ್ಸಲ ನೀನು ಜಾರು!" ಎಲ್ಲರೂ ಘೊಳ್ಳೆಂದರು.

ಅನಸೂಯ ಹಲಗೆ ಹಿಡಿದು ನಿಂತ ಹುಡುಗನನ್ನು ನೋಡಿದರು. "ಎಷ್ಟು ಸಲ ಹತ್ತಿ ಇಳಿದ್ಯಪ್ಪಾ! ತಪ್ಪು ನನ್ನದು, ಶಿಕ್ಷೆ ನಿನಗೆ. ಯಾವ ಪುಣ್ಯಾತ್ಗಿತ್ತಿ ಹೆತ್ತಳೋ ನಿನ್ನ! ಮದುವೆ ಆಗಿದ್ಯಾ?"

ಜೀವನ್ ಕನ್ನಡಕ ತೆಗೆದು ಮರಳನ್ನು ಒರೆಸಿಕೊಂಡ. "ಇಲ್ಲ ಅಮ್ಮಾರ. ಕೇಳೀನಿ. ಹೇಳಬೇಕಾದೋರು ಇನ್ನಾ ಹೇಳಿಲ್ಲ."

ಕೆಳಗೆ ಇಪ್ಪತ್ತೆಂಟು ಮುಖಗಳು ಮೇಲೆ ನೋಡುತ್ತಿದ್ದವು. ಚಿನ್ಮಯಿಯ ಕಿವಿಗಳು ಕೆಂಪಾದವು. ಹುಟ್ಟಿದಂದಿನಿಂದ ಅವಳನ್ನು ಹಿಡಿದೆಳೆಯುತ್ತಿದ್ದ ಆ ಸಂಕೋಚ ಈಗಲೂ ಸೆರಗು ಜಗ್ಗಿತು... ಅವಳು ಜಮಖಾನೆಯಿಂದ ಬರಿಗಾಲನ್ನು ಆ ಕೆಂಡದ ಮೇಲಿಟ್ಟಳು! ಒಂದು ಹೆಜ್ಜೆ, ಎರಡು, ಮೂರು. ಅವನ ಪಕ್ಕಕ್ಕೆ ಹೋಗಿ, ಕೆಳಗಿದ್ದವರಿಗೂ ಕೇಳುವಂತೆ, ತನಗೇ ಅಪರಿಚಿತವಾದ ದನಿಯಲ್ಲಿ ಹೇಳಿದಳು:

"ದೊಡ್ಡಮ್ಮ, ಇವ್ರು ಜೀವನ್. ಅವತ್ತು ಡ್ಯಾಂಡಿನಾಂಗ್‌ನಲ್ಲಿ ಅಂಗಡಿಯವ್ರು ಅಂತ ನಿಮಗೆ ಸುಳ್ಳು ಹೇಳ್ದೆ. ನಾನು ಮದುವೆ ಆಗೋದು ಇವ್ರನ್ನೇ."

"ಇಲ್ಲೇ ನೆಲೆಸೋಕೆ ಪಿಆರ್ ಬಂದಿದ್ಯೇನಪ್ಪಾ?" ಶ್ರೀನಾಥರ ದನಿ ಕೆಳಗಿನಿಂದ ತೇಲಿಬಂತು.

"ಇನ್ನಾ ಕಾಯಾಕತ್ತೀನ್ರೀ ಸರ್!"

"ಸುಮ್ನಿರ್ರೀ ನೀವು!" ಎಂದು ಗಂಡನನ್ನು ಗದರಿಸಿದ ಅನಸೂಯ ಜೀವನನ ಮುಖವನ್ನು ಈಗ ಮೊದಲ ಬಾರಿಗೆಂಬಂತೆ ದಿಟ್ಟಿಸಿದರು. "ಅದಕ್ಕೇ ಅವತ್ತು ದುಡ್ಡು ಕೇಳ್ದೆ ಹೊರಟುಹೋದ್ಯಾ? ಅಯ್ಯೋ, ಬಾಗಿಲಿಗೆ ಬಂದವನಿಗೆ ಒಂದ್ ಲೋಟ ಕಾಫಿ ಕೂಡ ಕೊಡ್ಲಿಲ್ಲವಲ್ಲೋ!" ಅವರ ಕಣ್ಣಂಚು ತೇವವಾಗಿತ್ತು. "ಭಾನುವಾರ ಮನೆಗೆ ಬಾ. ಕೂತು ಮಾತಾಡೋಣ. ಈಗ ಮೊದಲು ಆ ಹುಡುಗೀನ ಹಲಗೆ ಮೇಲೆ ನಿಲ್ಸು, ಕಾಲು ಬೆಂದುಹೋಗ್ತಿದೆ ಅವಳದು!"

ಅವನು ಹಲಗೆಯನ್ನು ಅವಳ ಪಾದಗಳ ಬಳಿ ಇಟ್ಟ. "ಸುಡ್ತದ?" ಎಂದ ಮೆಲ್ಲಗೆ.

"ಹೂಂ," ಎಂದಳು ಚಿನ್ಮಯಿ. ಆದರೂ ಆ ಸುಡುವ ನೆಲದಿಂದ ಕಾಲು ಕೀಳುವ ಮನಸ್ಸು ಅವಳಿಗೆ ಇನ್ನೂ ಬಂದಿರಲಿಲ್ಲ...

ಪ್ರೀತಿಯನ್ನು ಹೃದಯದ ಒಳಗುಡಿಯಲ್ಲಿ ಬಚ್ಚಿಟ್ಟು ಪೂಜಿಸುವುದು ಸುಲಭ, ಸಹೃದಯರೇ. ಕತ್ತಲು ಯಾರನ್ನೂ ಪ್ರಶ್ನಿಸುವುದಿಲ್ಲ. ಆದರೆ ತಾನು ಒಲಿದ ಜೀವದ ಹೆಸರನ್ನು ಹಗಲಿನ ಎದುರಿಗೆ, ಬಂಧುಗಳ ಎದುರಿಗೆ, ತನ್ನದೇ ಹಿಂದಿನ ಸುಳ್ಳಿನ ಎದುರಿಗೆ ತಲೆಯೆತ್ತಿ ಉಚ್ಚರಿಸುವ ಗಳಿಗೆಯೊಂದಿದೆಯಲ್ಲ... ಆ ಗಳಿಗೆಯಲ್ಲಿ ಮನುಷ್ಯನಿಗೆ ಬರುವ ಅಭಿಮಾನಕ್ಕೆ ಅಹಂಕಾರದ ಲೇಪವೇ ಇಲ್ಲ! ಏಕೆಂದರೆ ಆಗ ಅವನು ಎತ್ತಿ ಹಿಡಿಯುವುದು ತನ್ನನ್ನಲ್ಲ, ಮತ್ತೊಬ್ಬರನ್ನು.