ಕಬೂಲ್ ಅಂದ ಬಾಯಿ

"ಅಲ್ಲೇ ನಿಲ್ಲಲೇ ಪಿಂಜಾರ! ಮೈತುಂಬ ಹತ್ತಿ ಧೂಳು ಮೆತ್ತಿಕ್ಯಂಡು ಜಮಖಾನದ ಮ್ಯಾಲೆ ಕಾಲಿಡಾಕ ಬರ್ತಾನ, ಬೋಳಿಮಗ!"

ಹೀಗೆ ಬೈದವನು ನನ್ನ ತಂಗಿಯ ಗಂಡ ಜಬ್ಬಾರ್ ಸಾಹೇಬ, ಕಂಪ್ಲಿಯ ಕಬ್ಬಿನ ಗದ್ದೆಗಳ ಧಣಿ. ಮೊದಲ ಹೆಂಡತಿಗೆ ಮಕ್ಕಳಾಗಲಿಲ್ಲವೆಂದು ನಮ್ಮ ಹೊನ್ನೂರವ್ವನನ್ನು ಮಾಡಿಕೊಂಡಿದ್ದ. ಗಂಡು ಹುಟ್ಟಿತು. ಹುಟ್ಟಿದ್ದೇ ತಡ, ಅವಳು ಮತ್ತೆ ಪಿಂಜಾರರವಳಾದಳು. ಈಗ ತಲಾಕ್ ಕೊಟ್ಟಿದ್ದ. ಕೂಸಿಗೆ ಒಂದೂವರೆ ವರ್ಷ, ಇನ್ನೂ ಮೊಲೆ ಬಿಟ್ಟಿರಲಿಲ್ಲ.

ನಾನು ಖಾಜಿಯವರ ಪಡಸಾಲೆಯ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತೆ. ಹೊನ್ನೂರವ್ವ ಕೂಸನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಗೆ ಬೀದಿಯಲ್ಲಿ ಕೂತಿದ್ದಳು. ಅವಳನ್ನು ಯಾರೂ ಒಳಗೆ ಕರೆಯಲಿಲ್ಲ. ಅಪ್ಪ ಸತ್ತವಳಿಗೆ ಅಣ್ಣನೇ ಬಾಯಿಯಂತೆ. ಒಳ್ಳೇ ಬಾಯಿ ಸಿಕ್ಕಿತ್ತು ಪಾಪ!

ಖಾಜಿ ಉರ್ದುವಿನಲ್ಲಿ ಏನೋ ಓದಿದರು. ನಾವು ಹತ್ತಿ ಬಡಿದು ಗಾದಿ ತುಂಬುವ ಮಂದಿ. ಆಡುವುದು ಕನ್ನಡ, ಬೈದಾಡುವುದು ಕನ್ನಡ, ಹೆಣದ ಮುಂದೆ ಅಳುವುದೂ ಕನ್ನಡವೇ. 'ತಿಳಿಯಲಿಲ್ಲ' ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಜಮಖಾನದ ಮೇಲೆ ಕೂತ ಹತ್ತು ಮಂದಿ ದೊಡ್ಡವರು 'ಇವನೂ ಒಬ್ಬ ಮುಸಲ್ಮಾನನೇ?' ಎಂದು ನಕ್ಕಾರೆಂಬ ನಾಚಿಕೆ. ಓದುವುದು ನಿಂತು ಎಲ್ಲರೂ ನನ್ನ ಮುಖ ನೋಡಿದರು. ನನ್ನ ಮದುವೆಯ ದಿನ ಕಲಿತ ಒಂದೇ ಒಂದು ಮಾತು ಬಾಯಿಗೆ ಬಂತು.

"ಕಬೂಲ್," ಎಂದೆ. ಯಾರೂ ಕೇಳದಿದ್ದರೂ ಮೂರು ಸಲ ಎಂದೆ, ದರಿದ್ರದವನು.

ಸಾಹೇಬನ ಆಳು ಜಂಬಪ್ಪ ಹೊರಗೆ ಹೋಗಿ ಸೆರಗಿನೊಳಗಿಂದ ಕೂಸನ್ನು ಎತ್ತಿಕೊಂಡ. ನಾನು ಒಪ್ಪಿದ್ದು ಏನನ್ನೆಂದು ಆಗ ತಿಳಿಯಿತು. ಆಗಲೂ ಕೂಗಬಹುದಿತ್ತು. ಕೂಗಲಿಲ್ಲ.

"ಯಣ್ಣಾ, ಏನಂದ್ರೋ? ಕೂಸಿನ್ನ ಯಾಕ ಒಯ್ತಾರೋ?" ಹೊನ್ನೂರವ್ವ ನನ್ನ ಅಂಗಿ ಹಿಡಿದು ಜಗ್ಗಿದಳು.

"ಕುರಾನದಾಗ ಹಂಗ ಐತಂತವ್ವಾ. ಕೂಸು ಅಪ್ಪಂದಂತ."

ಥೂ ನನ್ನ! ಅವಳು ನಂಬಿಬಿಟ್ಟಳು.

ಆಮೇಲಿನ ಒಂಬತ್ತು ದಿನ ಅವಳು ಹೊತ್ತು ಹೊತ್ತಿಗೆ ಹಿತ್ತಲಿಗೆ ಹೋಗಿ ಗೋಡೆಗೆ ಹಾಲು ಹಿಂಡಿ ಬರುತ್ತಿದ್ದಳು. ನೋಡಲಾರದೆ ನಾನು ಕೆಲಸದ ನೆಪ ಹೇಳಿ ಹೊಸಪೇಟೆಗೆ ಹೋದೆ.

ಅಲ್ಲಿ ವಕೀಲರೊಬ್ಬರ ಗುಮಾಸ್ತ ಕೊಟ್ರಯ್ಯನವರ ಗಾದಿಯ ಹತ್ತಿ ಬಡಿಯುತ್ತಿದ್ದೆ. ಮುಖ ಯಾಕೆ ಸಪ್ಪಗಿದೆ ಎಂದು ಕೇಳಿದರು. ಹೇಳಿಕೊಂಡೆ. ಅವರು ಒಳಗೆ ಹೋಗಿ ದಪ್ಪನೆಯ ಇಂಗ್ಲಿಷ್ ಪುಸ್ತಕ ತಂದು ಬೆರಳಿಟ್ಟು ಓದಿದರು.

"ಏ ಮೌಲಪ್ಪ, ಗಂಡು ಕೂಸು ಏಳು ವರ್ಷ ಆಗೋತನ ತಾಯಿ ಹತ್ರ ಇರಬೇಕು ಅಂತ ನಿಮ್ಮ ಶಾಸ್ತ್ರದಾಗ ಐತಲೇ. ಸಾಕೋ ಖರ್ಚು ಅಪ್ಪಂದು. ದೊರೆಗಳ ಕೋರ್ಟಿನಾಗೂ ಇದನ್ನ ಓದ್ತಾರ. ಅದು ಕೂಸಿನ ಹಕ್ಕು. ಹಡೆದಾಕಿ ಬಿಟ್ಟುಕೊಡ್ತೀನಂದ್ರೂ ನಡಿಯಂಗಿಲ್ಲ. ನೀ ಯಾವ ಸೀಮಿ ಧಣಿ ಬಿಟ್ಟುಕೊಡಾಕ?"

"ಖಾಜಿಗಳಿಗೆ ಇದು ಗೊತ್ತಿದ್ದಿಲ್ಲೇನ್ರೀ ಅಯ್ನೋರೆ?"

"ಗೊತ್ತಿತ್ತು. ನಿನಗ ಗೊತ್ತಿಲ್ಲಂಬುದೂ ಗೊತ್ತಿತ್ತು."

ನನ್ನ ಧರ್ಮದ ಮಾತನ್ನು ವಿಭೂತಿ ಹಚ್ಚಿದವರ ಬಾಯಿಂದ ಕೇಳುತ್ತ, ತಲೆ ಮೇಲೆತ್ತಲಾಗಲಿಲ್ಲ. ಗಾದಿಯನ್ನು ಅರ್ಧಕ್ಕೇ ಬಿಟ್ಟು ಕಂಪ್ಲಿಯ ದಾರಿ ಹಿಡಿದೆ.

ತಂಗಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ.

"ಉರ್ದು ಬರಂಗಿಲ್ಲ ಅನ್ನಾಕ ನಾಚಿಕಿ ಬಂತೇನು?" ಎಂದಳು.

"ಹ್ಞೂಂ."

"ನನ್ನ ಕೂಸಿಗಿಂತ ದೊಡ್ಡದಾತೇನು ನಿನ್ನ ನಾಚಿಕಿ?"

ಉತ್ತರಕ್ಕೆ ಕಾಯದೆ ಎದ್ದು ನಡೆದಳು. ನಾನು ಹತ್ತಿ ಬಡಿಯುವ ಕೊಡತಿ ಹಿಡಿದುಕೊಂಡು ಹಿಂದೆ ಹಿಂದೆ ಹೋದೆ. ಯಾಕೆ ಹಿಡಿದೆನೋ ನನಗೇ ತಿಳಿಯದು.

ಸಾಹೇಬ ಜಗಲಿಯ ಮೇಲೆ ನಾಲ್ಕು ಮಂದಿಯೊಂದಿಗೆ ಕೂತಿದ್ದ. "ಬಂದ್ಲು ನೋಡ್ರಿ ಮತ್ತ, ರಂಡಿ," ಎಂದ. ಒಳಗೆ ಕೂಸು ಅಳುತ್ತಿತ್ತು.

"ಏಳು ವರ್ಷ ಕೂಸು ತಾಯಿ ಹತ್ರ ಇರಬೇಕಂತ್ರೀ ಸಾಹೇಬ್ರ. ಶಾಸ್ತ್ರದಾಗ ಐತಂತ," ಎಂದೆ ನಾನು.

"ಯಾರಲೇ ಹೇಳಿದ್ದು?"

"ಹೊಸಪೇಟಿ ಕೊಟ್ರಯ್ಯನೋರು."

ಸಾಹೇಬ ತೊಡೆ ತಟ್ಟಿ ನಕ್ಕ. "ಕೇಳ್ರಪಾ, ಅಯ್ಯನೋರು ಇವಗ ಶರೀಯತ್ತು ಕಲಿಸ್ಯಾರಂತ! ಲೇ, ಅವತ್ತು ಮೂರು ಸಲ ಕಬೂಲ್ ಅಂದಾಂವ ಯಾರಲೇ? ನಿಮ್ಮಪ್ಪೇನು?"

"ನನಗ ಉರ್ದು ಬರಂಗಿಲ್ರೀ," ಎಂದೆ. ಗಂಟಲು ಹರಿಯುವಂತೆ ಮತ್ತೆ ಕೂಗಿದೆ, "ಬರಂಗಿಲ್ಲ! ಒಂದಕ್ಷರ ತಿಳಿಲಿಲ್ಲ ನನಗ! ತಿಳದಾಂವನಂಗ ನಿಂತಿದ್ದೆ!"

ಜಗಲಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀದಿಯಲ್ಲಿ ಹೋಗುವವರೂ ನಿಂತು ನಕ್ಕರು. ಅವರು ನನ್ನನ್ನು ನೋಡಿ ನಗುತ್ತಿರುವಾಗಲೇ ಹೊನ್ನೂರವ್ವ ಅವರನ್ನು ದಾಟಿ ಒಳಗೆ ನುಗ್ಗಿದ್ದಳು.

ಹೊರಗೆ ಬಂದಾಗ ಕೂಸು ಅವಳ ಕಂಕುಳಲ್ಲಿತ್ತು. ಓಡಲಿಲ್ಲ ಅವಳು. ತಲಬಾಗಿಲ ಹೊಸ್ತಿಲ ಮೇಲೆ ಕೂತು ಸೆರಗು ಹೊದಿಸಿ ಮೊಲೆಗೆ ಹಾಕಿಕೊಂಡಳು. ಅಳು ನಿಂತಿತು.

"ಎಳದ್ ಹೊರಗ ಹಾಕ್ರಲೇ ಆಕೀನ್ನ!"

ಜಂಬಪ್ಪ ಎರಡು ಹೆಜ್ಜೆ ಮುಂದೆ ಬಂದ.

"ಕುಡಿಯಾಕತ್ತೈತಿ," ಎಂದಳು ಹೊನ್ನೂರವ್ವ. "ಮುಗಸ್ಲಿ. ಆಮ್ಯಾಲ ಮುಟ್ರಿ."

ಜಂಬಪ್ಪ ತಲೆ ಕೆರೆದುಕೊಂಡ. "ಹಾಲು ಕುಡಿಯೋ ಕೂಸಿನ್ನ ಹೆಂಗ ಜಗ್ಗಲಿ ಧಣೀ? ನನ್ನ ಕೈಲಿ ಆಗಂಗಿಲ್ಲ."

ಸಾಹೇಬ ಅವನ ಕಪಾಳಕ್ಕೆ ಬಾರಿಸಿ, ಖಾಜಿಯನ್ನು ಕರೆತರಲು ಇನ್ನೊಬ್ಬನನ್ನು ಓಡಿಸಿದ. ನಾನು ಹೊಸ್ತಿಲಿಗೆ ಅಡ್ಡವಾಗಿ ನಿಂತೆ. ತಂಗಿ ನನ್ನ ಕಡೆ ನೋಡಲಿಲ್ಲ.

ಬೀದಿಯ ತಿರುವಿನಲ್ಲಿ ಖಾಜಿಯ ಕೊಡೆ ಕಾಣಿಸಿತು. ಹೊನ್ನೂರವ್ವ ಕೂಸನ್ನು ಇನ್ನೊಂದು ಮೊಲೆಗೆ ಹಾಕಿಕೊಂಡಳು.